ಊರಿಗೆ ಬರೋಕೂ ಒಂದು ಚೀಟಿ: ಗಳಗನಾಥದ ಹೊಳೆದಂಡೆಯಿಂದ ಏರ್‌ಪೋರ್ಟ್‌ ತನಕ

ಇವತ್ತಿನ ಕಂತನ್ನ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

ಇದು 2021ರ ಮಾರ್ಚ್ ಅಂತ ಅಂದ್ಕೊಳ್ಳಿ. ನೀವು ದುಬೈನಲ್ಲಿ ಕೆಲಸ ಮಾಡ್ತಿದ್ದೀರಿ. ನಿಮ್ಮೂರು ಹಾವೇರಿ ತಾಲೂಕಿನ ಗಳಗನಾಥ. ಮನೆಯಿಂದ ಫೋನು: "ಅವ್ವಗ ಆರಾಮಿಲ್ಲಪಾ, ಒಂದ್ಸಲ ಬಂದು ಹೋಗು." ಶುಕ್ರವಾರ ರಾತ್ರಿ 10 ಗಂಟೆಯ ವಿಮಾನಕ್ಕೆ ಟಿಕೆಟ್ ಸಿಕ್ತು. ಆದ್ರೆ ಟಿಕೆಟ್, ಪಾಸ್‌ಪೋರ್ಟ್ ಎರಡೇ ಸಾಲದು. ಕೊರೊನಾ ಇಲ್ಲ ಅನ್ನೋ ಆರ್‌ಟಿ-ಪಿಸಿಆರ್ ರಿಪೋರ್ಟ್ ಬೇಕು. ಅದೂ ಪ್ರಯಾಣಕ್ಕೆ ಮುಂಚಿನ 72 ಗಂಟೆಯೊಳಗೆ ಮಾಡಿಸಿದ್ದು.

ಈಗ ಲೆಕ್ಕ ಹಾಕಿ. ಮಂಗಳವಾರ ರಾತ್ರಿ 10ಕ್ಕಿಂತ ಮೊದಲು ಮಾಡಿಸಿದ ಟೆಸ್ಟ್ ನಡೆಯಲ್ಲ. ಗುರುವಾರ ಸಂಜೆ ಮಾಡಿಸಿದ್ರೆ ರಿಪೋರ್ಟ್ ವಿಮಾನಕ್ಕೆ ಮೊದಲು ಬರುತ್ತೋ ಇಲ್ವೋ ಅನ್ನೋ ಭಯ. ಹಾಗಾಗಿ ಬುಧವಾರ ಬೆಳಗ್ಗೆ 9ಕ್ಕೆ ರಜೆ ಹಾಕಿ ಲ್ಯಾಬಿನ ಮುಂದೆ ನಿಂತ್ರಿ. ಸರಿ. ಆದ್ರೆ ವಿಮಾನ ಒಂದೇ ಒಂದು ದಿನ ಮುಂದಕ್ಕೆ ಹೋಯ್ತು ಅನ್ನಿ. ಬುಧವಾರ ಬೆಳಗ್ಗೆಯಿಂದ ಶನಿವಾರ ರಾತ್ರಿಗೆ 85 ಗಂಟೆ. ಆ ಚೀಟಿ ಹಳಸಿ ಹೋಯ್ತು. ಮತ್ತೆ ಲ್ಯಾಬು, ಮತ್ತೆ ದುಡ್ಡು. ರಿಪೋರ್ಟಲ್ಲಿ 'ಪಾಸಿಟಿವ್' ಅಂತ ಬಂದ್ರೆ ಊರಿನ ಮಾತೇ ಇಲ್ಲ.

ಇದು ಕಲ್ಪನೆಯ ಕುಟುಂಬ, ಆದ್ರೆ ನಿಯಮ ನಿಜದ್ದು. ಆ ಎರಡು ವರ್ಷ ಗಲ್ಫ್‌ನಿಂದ, ಲಂಡನ್‌ನಿಂದ, ಅಮೆರಿಕದಿಂದ ಊರಿಗೆ ಬಂದ ಕನ್ನಡಿಗರು ಇದೇ ಗಂಟೆಗಳನ್ನ ಎಣಿಸಿದ್ದಾರೆ. ಇದು ಕೊರೊನಾ ಕಾಲದ ಹೊಸ ಕಾಟ ಅಂತ ನಮಗನ್ನಿಸುತ್ತೆ. ಹೊಸದಲ್ಲ. "ನೀನು ಆರೋಗ್ಯವಾಗಿದ್ದೀಯ ಅಂತ ತೋರಿಸು, ಆಮೇಲೆ ಊರೊಳಗೆ ಬಾ" ಅನ್ನೋ ಮಾತು ನಮ್ಮ ತುಂಗಭದ್ರೆಯ ದಂಡೆಗೆ 125 ವರ್ಷಕ್ಕೂ ಹಿಂದೆಯೇ ಬಂದಿತ್ತು. ಇವತ್ತು ಅದೇ ಕಥೆ.

ಹೊಳೆ ಒಂದು, ಸರ್ಕಾರ ಮೂರು

ಗಳಗನಾಥ ನೋಡಿಲ್ಲದವರಿಗೆ ಹೇಳ್ತೀನಿ. ಹಾವೇರಿಯಿಂದ ಸುಮಾರು 40 ಕಿಲೋಮೀಟರ್. ವರದಾ ನದಿ ಬಂದು ತುಂಗಭದ್ರೆಯನ್ನ ಸೇರೋ ಜಾಗ. ಹೊಳೆಗೆ ಮುಖ ಮಾಡಿ ನಿಂತಿರೋ ಗಳಗೇಶ್ವರ ಗುಡಿ, ಚಾಲುಕ್ಯರ ಕಾಲದ್ದು. ಕಾದಂಬರಿಕಾರ ಗಳಗನಾಥರು, ಅಂದ್ರೆ ವೆಂಕಟೇಶ ತಿರಕೋ ಕುಲಕರ್ಣಿ, ಇದೇ ಊರಿನವರು. ಪುಸ್ತಕಗಳ ಗಂಟು ಹೊತ್ಕೊಂಡು ಊರೂರು ತಿರುಗಿ ಮಾರಿ ಕನ್ನಡಕ್ಕೆ ಓದುಗರನ್ನ ಹುಟ್ಟಿಸಿದವರು. ಅವರು ಹುಟ್ಟಿದ್ದು 1869ರಲ್ಲಿ. ಅಂದ್ರೆ ಈಗ ಹೇಳೋ ಕಥೆ ನಡೆಯುವಾಗ ಅವರಿಗೆ ಮೂವತ್ತರ ಆಸುಪಾಸು.

ಆಗ ಈ ದಂಡೆ ಧಾರವಾಡ ಜಿಲ್ಲೆ, ಬಾಂಬೆ ಪ್ರೆಸಿಡೆನ್ಸಿ. ಹೊಳೆಯ ಆಚೆ ದಂಡೆ, ಹೂವಿನಹಡಗಲಿ ಕಡೆಯದು, ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರೆಸಿಡೆನ್ಸಿ. ರಾಣೆಬೆನ್ನೂರು ದಾಟಿ ಹರಿಹರಕ್ಕೆ ಹೋದ್ರೆ ಮೈಸೂರು ಸಂಸ್ಥಾನ. ಮಾತು ಒಂದೇ, ಬೀಗಸ್ತನ ಆಚೆ ಈಚೆ ಎರಡೂ ಕಡೆ, ಆದ್ರೆ ಸರ್ಕಾರ ಮೂರು. ಮದುವೆಗೋ ಜಾತ್ರೆಗೋ ಹೊಳೆ ದಾಟೋರಿಗೆ ಅದು ಗಡಿ ಅಂತ ಅನ್ನಿಸಿರಲಿಕ್ಕಿಲ್ಲ. ಗಡಿ ಅನ್ನಿಸೋ ಹಾಗೆ ಮಾಡಿದ್ದು ಒಂದು ರೋಗ.

1896ರ ಸೆಪ್ಟೆಂಬರ್‌ನಲ್ಲಿ ಮುಂಬೈಯಲ್ಲಿ ಪ್ಲೇಗ್ ಪತ್ತೆ ಆಯ್ತು. ಹೆದರಿದ ಜನ ನಗರ ಬಿಟ್ಟು ತಮ್ಮ ತಮ್ಮ ಊರಿಗೆ ಹೊರಟರು. 2020ರ ಲಾಕ್‌ಡೌನಿನ ದೃಶ್ಯ ನೆನಪಾಯ್ತಾ? ಆಗಲೂ ಹಾಗೇ. 1897ರ ಫೆಬ್ರವರಿ 4ಕ್ಕೆ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂತು. ತುಂಬಾ ಚಿಕ್ಕ ಕಾಯ್ದೆ, ಆದ್ರೆ ಅದರ ಕೈ ಉದ್ದ. ರೈಲಿನಲ್ಲೋ ಬೇರೆ ದಾರಿಯಲ್ಲೋ ಪ್ರಯಾಣ ಮಾಡೋರನ್ನ ತಪಾಸಣೆ ಮಾಡಬಹುದು, ಸಂಶಯ ಬಂದವರನ್ನ ಬೇರೆ ಇಡಬಹುದು ಅಂತ ಅದರಲ್ಲೇ ಬರೆದಿತ್ತು. ಒಂದು ವಿಷಯ ಗಮನಿಸಿ: 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಮೊದಲ ಕೋವಿಡ್ ನಿಯಮಗಳನ್ನ ಹೊರಡಿಸಿದ್ದು ಇದೇ 1897ರ ಕಾಯ್ದೆಯ ಕೆಳಗೆ.

ಪ್ಲೇಗ್ ಬರೋ ಹೊತ್ತಿಗೆ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ ಹರಿಹರದ ಕಡೆ ಓಡ್ತಿತ್ತು. ಬ್ಯಾಡಗಿಯ ಮೆಣಸಿನಕಾಯಿ ಹೋಗೋ ದಾರಿಯಲ್ಲೇ ರೋಗವೂ ಬಂತು. 1898ರಲ್ಲಿ ಹುಬ್ಬಳ್ಳಿ ಪ್ಲೇಗಿನ ಹೊಡೆತಕ್ಕೆ ಸಿಕ್ಕಿ ನಲುಗಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಮುಟ್ಟಿತು.

ಆಗ ಟೆಸ್ಟ್ ಅಂದ್ರೆ ಏನು? ಲ್ಯಾಬಿಲ್ಲ, ಮೂಗಿಗೆ ಹಾಕೋ ಕಡ್ಡಿ ಇಲ್ಲ. ಸ್ಟೇಷನ್ನಿನಲ್ಲಿ ಪ್ರಯಾಣಿಕರನ್ನ ಸಾಲಾಗಿ ನಿಲ್ಲಿಸೋದು. ಮೈ ಬಿಸಿ ಇದೆಯಾ ನೋಡೋದು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಇದೆಯಾ ಅಂತ ಮುಟ್ಟಿ ನೋಡೋದು. ಹೆಣ್ಣುಮಕ್ಕಳನ್ನೂ ಹೀಗೆ ನೋಡ್ತಾರೆ ಅನ್ನೋ ಸಿಟ್ಟು ದೇಶದ ಎಷ್ಟೋ ಕಡೆ ಗಲಾಟೆಗೆ ಕಾರಣ ಆಯ್ತು. ಆಗ ಸರ್ಕಾರದ ಕೈ ಕಂಕುಳಿಗೆ ಬಂತು, ನಮ್ಮ ಕಾಲದಲ್ಲಿ ಮೂಗಿಗೆ ಬಂತು. ವ್ಯತ್ಯಾಸ ಸಣ್ಣದಲ್ಲ. ಆಗಿನ ಜನಕ್ಕೆ ಅದು ಮಾನದ ಪ್ರಶ್ನೆ ಆಗಿತ್ತು.

ಮದ್ರಾಸ್ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಅದರ ಹೆಸರೇ 'ಪ್ಲೇಗ್ ಪಾಸ್‌ಪೋರ್ಟ್'. ಸೋಂಕಿದ ಪ್ರದೇಶದಿಂದ ಬಂದವರ ಕೈಗೆ ಒಂದು ಚೀಟಿ. ಹೆಸರು, ತಂದೆ ಹೆಸರು, ಎಲ್ಲಿಗೆ ಹೋಗ್ತಿದ್ದೀಯ, ಯಾರ ಮನೇಲಿ ಇರ್ತೀಯ ಎಲ್ಲಾ ಅದರಲ್ಲಿ. ಆಮೇಲೆ 10 ದಿನ ಅಲ್ಲಿನ ಅಧಿಕಾರಿಯ ಮುಂದೆ ಹೋಗಿ "ನಾನು ಆರಾಮಿದ್ದೀನಿ" ಅಂತ ಮುಖ ತೋರಿಸಬೇಕು. ಆ ಚೀಟಿ ಕೇಳೋ ಸರ್ಕಾರ ಗಳಗನಾಥದಿಂದ ಒಂದು ಹರಿಗೋಲಿನಷ್ಟು ದೂರದಲ್ಲಿತ್ತು! ಈಗ 2022ಕ್ಕೆ ಬನ್ನಿ: ಏರ್ ಸುವಿಧಾ ಪೋರ್ಟಲ್‌ನಲ್ಲಿ ಹೆಸರು, ವಿಳಾಸ, ಪ್ರಯಾಣದ ವಿವರ ತುಂಬಬೇಕು, ಬಂದ ಮೇಲೆ 14 ದಿನ ಸ್ವಂತ ಆರೋಗ್ಯದ ಮೇಲೆ ನಿಗಾ ಇಡಬೇಕು. ಕಾಗದ ಹೋಗಿ ಸ್ಕ್ರೀನ್ ಬಂತು. ಒಳಗಿನ ಪ್ರಶ್ನೆಗಳು ಮಾತ್ರ ಅವೇ.

ಲಸಿಕೆ ಹಾಕಿಸಿದ್ರೆ ದಾರಿ ಸಲೀಸು

ವಾಲ್ಡೆಮಾರ್ ಹಾಫ್ಕಿನ್ ಹೆಸರು ಕೇಳಿದ್ದೀರಾ? ಮುಂಬೈಯಲ್ಲಿ ಪ್ಲೇಗ್ ಲಸಿಕೆ ಕಂಡುಹಿಡಿದು, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ ವಿಜ್ಞಾನಿ. ಆ ಲಸಿಕೆಯನ್ನ ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. 1898ರಲ್ಲಿ ಅಲ್ಲಿ ಹತ್ತಾರು ಸಾವಿರ ಜನ ತೋಳು ಚಾಚಿದರು. ಹಾಕಿಸಿಕೊಂಡವರಿಗೆ ಸರ್ಟಿಫಿಕೇಟ್. ಸರ್ಟಿಫಿಕೇಟ್ ಇದ್ದವರಿಗೆ ಪ್ಲೇಗ್ ನಿಯಮಗಳಲ್ಲಿ ಸಡಿಲಿಕೆ.

2022ರ ಫೆಬ್ರವರಿ 14ರಿಂದ ಭಾರತ ಮಾಡಿದ್ದೂ ಇದನ್ನೇ: ಒಪ್ಪಂದ ಇರೋ ದೇಶಗಳಿಂದ ಬರೋರು ಎರಡೂ ಡೋಸ್ ಆದ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿದ್ರೆ 72 ಗಂಟೆಯ ಟೆಸ್ಟ್ ಬೇಡ. ಹುಬ್ಬಳ್ಳಿಯ ಉಪಾಯಕ್ಕೆ 124 ವರ್ಷ ವಯಸ್ಸಾಗಿತ್ತು.

ಇನ್ನೂ ಹಿಂದೆ ಹೋದ್ರೆ, ರಗುಸಾ ಅಂತ ಒಂದು ಬಂದರು, ಇವತ್ತಿನ ಕ್ರೊಯೇಷಿಯಾದ ಡುಬ್ರೋವ್ನಿಕ್. 1377ರಲ್ಲಿ ಅಲ್ಲಿ ರೋಗದ ಊರುಗಳಿಂದ ಬಂದವರನ್ನ 30 ದಿನ ಹೊರಗೇ ನಿಲ್ಲಿಸೋ ಕಾನೂನು ಆಯ್ತು. ಮುಂದೆ ಅದು 40 ದಿನ ಆಯ್ತು. ಇಟಲಿ ಭಾಷೆಯಲ್ಲಿ ನಲವತ್ತಕ್ಕೆ 'ಕ್ವಾರಾಂತ'. ನಾವೆಲ್ಲ 2020ರಲ್ಲಿ ಬಾಯಿಪಾಠ ಮಾಡಿದ 'ಕ್ವಾರಂಟೈನ್' ಹುಟ್ಟಿದ್ದು ಅಲ್ಲಿಂದ.

ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡೋ ಕಾಲದಲ್ಲಿ ರೋಗ ದಾರಿಯಲ್ಲೇ ಹೊರಗೆ ಬರ್ತಿತ್ತು. ವಿಮಾನ ಬಂದ ಮೇಲೆ ಆ ಸಮಯವೇ ಇಲ್ಲ. ಸೋಂಕು ತಗುಲಿದವನು ಕೆಮ್ಮೋಕೆ ಮೊದಲೇ ಬೇರೆ ಖಂಡದಲ್ಲಿ ಇಳಿದಿರ್ತಾನೆ. ಅದಕ್ಕೇ 1933ರಲ್ಲಿ ಹೇಗ್ ನಗರದಲ್ಲಿ ವಿಮಾನಯಾನಕ್ಕೆ ಅಂತಲೇ ಪ್ರತ್ಯೇಕ ಆರೋಗ್ಯ ಒಪ್ಪಂದ ಆಯ್ತು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ನಿಯಮಗಳನ್ನ ಒಂದುಗೂಡಿಸಿತು. ಆ ಕಾಲದಲ್ಲಿ ಓದೋಕೋ ಕೆಲಸಕ್ಕೋ ವಿದೇಶಕ್ಕೆ ಹೋದವರ ಪಾಸ್‌ಪೋರ್ಟ್ ಒಳಗೆ ಒಂದು ಸಣ್ಣ ಪುಸ್ತಕ ಇರ್ತಿತ್ತು: ಸಿಡುಬಿನ ಲಸಿಕೆಯ ಸರ್ಟಿಫಿಕೇಟ್, ಮೂರು ವರ್ಷದ ವಾಯಿದೆ. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯ್ತು ಅಂತ ಘೋಷಣೆ ಆದ ಮೇಲೆ ಆ ಪುಟ ಖಾಲಿ ಆಯ್ತು. ಹಳದಿ ಜ್ವರದ ಪುಟ ಮಾತ್ರ ಇವತ್ತಿಗೂ ಉಳಿದಿದೆ. ಆಫ್ರಿಕಾದ ಹಲವು ದೇಶಗಳಿಗೆ ಹೋಗಿ ಬರೋರನ್ನ ಕೇಳಿ ನೋಡಿ.

2020ರಿಂದ 2023: ಚೀಟಿ ಬೆಳೆದ ಬಗೆ

ಈಗ ನಮ್ಮ ಕಾಲ. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಸೌದಿ ಅರೇಬಿಯಾದಿಂದ ಮರಳಿ ಬಂದಿದ್ದವರು. ಅದು ಇಡೀ ದೇಶದ ಮೊದಲ ಕೋವಿಡ್ ಸಾವು. ಅಲ್ಲಿಂದ 'ವಿದೇಶದಿಂದ ಬಂದವರು' ಅನ್ನೋ ಮಾತಿಗೆ ಊರುಗಳಲ್ಲಿ ಬೇರೆಯೇ ಅರ್ಥ ಬಂತು. ಮಗ ಬಂದ ಅಂತ ಬುತ್ತಿ ಕಟ್ಟೋ ಊರೇ, ಮಗ ಬಂದ ಅಂತ ಬಾಗಿಲು ಹಾಕೋ ಹಾಗಾಯ್ತು.

ಮಾರ್ಚ್ 23ಕ್ಕೆ ಅಂತಾರಾಷ್ಟ್ರೀಯ ವಿಮಾನ ನಿಂತವು. ಮೇ 7ಕ್ಕೆ ವಂದೇ ಭಾರತ್ ಮಿಷನ್ ಶುರು. ಮೇ 11ರಂದು ಲಂಡನ್‌ನಿಂದ ಬೆಂಗಳೂರಿಗೆ, ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದವು. ಆಗ ಹತ್ತೋ ಮೊದಲು ಕೇಳ್ತಿದ್ದುದು ಮುಖ್ಯವಾಗಿ ರೋಗಲಕ್ಷಣ ಇಲ್ಲ ಅನ್ನೋದನ್ನ. ಬಂದ ಮೇಲೆ ಹೋಟೆಲ್ಲೋ ಹಾಸ್ಟೆಲ್ಲೋ, ಕ್ವಾರಂಟೈನ್ ಖಾತ್ರಿ.

2020ರ ಆಗಸ್ಟ್ 8ರಿಂದ ಒಂದು ಆಯ್ಕೆ ಬಂತು: ಹೊರಡೋ 96 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ಇದ್ರೆ ಸಾಂಸ್ಥಿಕ ಕ್ವಾರಂಟೈನ್ ತಪ್ಪುತ್ತೆ. ನವೆಂಬರ್‌ನಲ್ಲಿ 96 ಹೋಗಿ 72 ಆಯ್ತು. 2021ರ ಫೆಬ್ರವರಿ 22ರ ಮಧ್ಯರಾತ್ರಿಯಿಂದ ಅದು ಆಯ್ಕೆ ಅಲ್ಲ, ಕಡ್ಡಾಯ. ಮೇ 22ರಿಂದ ರಿಪೋರ್ಟ್ ಮೇಲೆ ಕ್ಯೂಆರ್ ಕೋಡ್ ಇರಲೇಬೇಕು ಅಂತ ಆಯ್ತು, ನಕಲಿ ರಿಪೋರ್ಟ್‌ಗಳ ಕಾಟಕ್ಕೆ. ಚಹಾ ಅಂಗಡಿಯಲ್ಲಿ ಸ್ಕ್ಯಾನ್ ಮಾಡೋ ಅದೇ ಚೌಕ, ಈಗ ಊರಿಗೆ ಹೋಗ್ಬಹುದೋ ಇಲ್ವೋ ಅಂತ ಹೇಳ್ತಿತ್ತು.

ಆ ಕಡ್ಡಾಯ ನಿಯಮದಲ್ಲಿ ಒಂದು ವಿನಾಯಿತಿ ಇತ್ತು. ಕುಟುಂಬದಲ್ಲಿ ಸಾವಾದ್ರೆ ಟೆಸ್ಟ್ ಇಲ್ಲದೆಯೂ ಬರಬಹುದು. ಓದಿದಾಗ ಸಮಾಧಾನ ಆಗುತ್ತೆ, ಅಲ್ವಾ? ಮುಂದಿನ ಸಾಲು ಓದಿ: ಈ ವಿನಾಯಿತಿ ಬೇಕಿದ್ದವರು ವಿಮಾನ ಹತ್ತೋಕೆ ಕನಿಷ್ಠ 72 ಗಂಟೆ ಮೊದಲು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಸ್ವಲ್ಪ ನಿಂತು ಯೋಚಿಸಿ. ನಮ್ಮ ಕಡೆ ಸಾವಾದ ದಿನವೇ, ಹೆಚ್ಚಂದ್ರೆ ಮರುದಿನ ಮಣ್ಣು ಮಾಡ್ತಾರೆ. 72 ಗಂಟೆ ಅಂದ್ರೆ ಮೂರು ದಿನ. ವಿನಾಯಿತಿಯ ಬಾಗಿಲು ಇತ್ತು ನಿಜ, ಆದ್ರೆ ಅದು ತೆರೆಯೋ ಹೊತ್ತಿಗೆ ಮಣ್ಣು ಕೊಡೋ ಹೊತ್ತು ಮೀರಿರ್ತಿತ್ತು. ಇದನ್ನ ಬರೆದವರು ಕೆಟ್ಟವರು ಅಂತ ಹೇಳ್ತಿಲ್ಲ. ಕಚೇರಿಯ ಗಡಿಯಾರ ಬೇರೆ, ಮನೆಯ ಗಡಿಯಾರ ಬೇರೆ. ಅಷ್ಟೇ.

ಚೀಟಿ ರೋಗವನ್ನ ತಡೀತಾ?

ನ್ಯಾಯವಾಗಿ ಎರಡೂ ಕಡೆ ಮಾತಾಡೋಣ. ಟೆಸ್ಟ್ ಬೇಡವೇ ಬೇಡ ಅನ್ನೋಕಾಗಲ್ಲ. ಒಂದೇ ವಿಮಾನದಲ್ಲಿ ನೂರಾರು ಜನ ಗಂಟೆಗಟ್ಟಲೆ ಪಕ್ಕಪಕ್ಕ ಕೂತಿರ್ತಾರೆ. ಸೋಂಕಿರೋರಲ್ಲಿ ಕೆಲವರನ್ನಾದ್ರೂ ಹತ್ತೋ ಮೊದಲೇ ಗುರುತಿಸಿದ್ರೆ ಪಕ್ಕದವರಿಗೆ, ಆಮೇಲೆ ಅವರ ಮನೆಯ ಅಜ್ಜ ಅಜ್ಜಿಗೆ ಅದು ಉಪಕಾರವೇ.

ಆದ್ರೆ 2021ರ ಡಿಸೆಂಬರ್ 2 ನೆನಪಿಸ್ಕೊಳ್ಳಿ. ಭಾರತದ ಮೊದಲ ಎರಡು ಒಮೈಕ್ರಾನ್ ಪ್ರಕರಣ ಅಂತ ಘೋಷಣೆ ಆಗಿದ್ದು ಬೆಂಗಳೂರಿನಲ್ಲಿ. ಒಬ್ಬರು ದಕ್ಷಿಣ ಆಫ್ರಿಕಾದ 66 ವರ್ಷದ ಪ್ರಯಾಣಿಕ. ನವೆಂಬರ್ 20ಕ್ಕೆ ನೆಗೆಟಿವ್ ರಿಪೋರ್ಟ್ ಹಿಡ್ಕೊಂಡೇ ಬಂದಿದ್ರು. ಇಳಿದ ಮೇಲೆ ಮಾಡಿದ ಟೆಸ್ಟ್‌ನಲ್ಲಿ ಪಾಸಿಟಿವ್. ಘೋಷಣೆ ಆಗೋ ಹೊತ್ತಿಗೆ ಅವರು ದುಬೈಗೆ ಹೊರಟುಹೋಗಿದ್ರು. ಇನ್ನೊಬ್ಬರು ಬೆಂಗಳೂರಿನದೇ 46 ವರ್ಷದ ವೈದ್ಯರು, ವಿದೇಶಕ್ಕೆ ಹೋಗೇ ಇರ್ಲಿಲ್ಲ. ಅಂದ್ರೆ ಒಂದು ಕಡೆ ಚೀಟಿ ಇದ್ದವರಲ್ಲಿ ರೋಗ, ಇನ್ನೊಂದು ಕಡೆ ಚೀಟಿಯ ಅಗತ್ಯವೇ ಇಲ್ಲದವರಲ್ಲಿ ರೋಗ. ಬಾಗಿಲಲ್ಲಿ ಕಾವಲು ಕಾಯ್ತಿದ್ದಾಗ ರೋಗ ಆಗಲೇ ಒಳಮನೆಯಲ್ಲಿ ಕೂತಿತ್ತು.

ಕಾರಣ ಸರಳ. ಟೆಸ್ಟ್ ಒಂದು ಫೋಟೊ ಇದ್ದ ಹಾಗೆ. ಬುಧವಾರ ಬೆಳಗ್ಗೆ 9ಕ್ಕೆ ನಿಮ್ಮ ಮೂಗಿನಲ್ಲಿ ಏನಿತ್ತು ಅಂತ ಹೇಳುತ್ತೆ. ಮಂಗಳವಾರ ಮೈ ಹೊಕ್ಕ ವೈರಸ್ ಆ ಫೋಟೊದಲ್ಲಿ ಕಾಣದೆ ಇರಬಹುದು. ಗುರುವಾರ ಹೊಕ್ಕಿದ್ದು ಕಾಣೋದೇ ಇಲ್ಲ.

ದುಡ್ಡಿನ ಮಾತು ಬೇರೆ. 2005ರ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 40ನೇ ವಿಧಿ ಏನು ಹೇಳುತ್ತೆ ಗೊತ್ತಾ? ಸಾರ್ವಜನಿಕ ಆರೋಗ್ಯದ ರಕ್ಷಣೆಗಾಗಿ ಪ್ರಯಾಣಿಕನನ್ನ ಪರೀಕ್ಷಿಸಿದ್ರೆ, ನೆಲೆಸೋಕೆ ಬರೋರನ್ನ ಬಿಟ್ಟು ಉಳಿದವರಿಂದ, ಆ ದೇಶ ಶುಲ್ಕ ತಗೋಬಾರದು. ಕೋವಿಡ್ ಕಾಲದಲ್ಲಿ ಟೆಸ್ಟ್ ಜಾಗ ಬದಲಾಯಿಸಿತು: ಹೊರಡೋ ಮೊದಲು, ಬೇರೆ ದೇಶದ ಲ್ಯಾಬಿನಲ್ಲಿ. ಬಿಲ್ ಬಂದಿದ್ದು ಪ್ರಯಾಣಿಕನ ಜೇಬಿಗೆ. ಐಟಿ ಉದ್ಯೋಗಿಗೆ ಅದು ಸಣ್ಣ ಖರ್ಚು. ನಾಲ್ಕು ಜನರ ಕುಟುಂಬ ಕರ್ಕೊಂಡು ಬರೋ ಡ್ರೈವರ್‌ಗೆ ಅದು ತಿಂಗಳ ಲೆಕ್ಕವನ್ನೇ ತಪ್ಪಿಸೋ ಖರ್ಚು.

ಚಳಗೇರಿಯ ಹುಡುಗ

ಬೆಂಗಳೂರಿನಿಂದ ಹಾವೇರಿಗೆ ಹೆದ್ದಾರಿಯಲ್ಲಿ ಬರೋರಿಗೆ ಹರಿಹರ ದಾಟಿದ ಮೇಲೆ, ರಾಣೆಬೆನ್ನೂರಿಗೆ ಮೊದಲು ಚಳಗೇರಿ ಟೋಲ್ ಸಿಗುತ್ತೆ. ಆ ಚಳಗೇರಿಯ ಹುಡುಗ ನವೀನ್ ಗ್ಯಾನಗೌಡರ್, ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದ್ತಿದ್ದ. ವಯಸ್ಸು 21.

2022ರ ಫೆಬ್ರವರಿ 24ಕ್ಕೆ ಯುದ್ಧ ಶುರು ಆಯ್ತು. ಫೆಬ್ರವರಿ 26ಕ್ಕೆ ಆಪರೇಷನ್ ಗಂಗಾದ ಮೊದಲ ವಿಮಾನ ರುಮೇನಿಯಾದ ಬುಕಾರೆಸ್ಟ್‌ನಿಂದ ಮುಂಬೈಗೆ ಬಂತು. ಆದ್ರೆ ಕಾಗದದ ಮೇಲೆ ನಿಯಮ ಅದೇ ಇತ್ತು: ಒಂದೋ ಲಸಿಕೆ ಸರ್ಟಿಫಿಕೇಟ್, ಇಲ್ಲಾ 72 ಗಂಟೆಯ ಟೆಸ್ಟ್. ಬಾಂಬ್ ಬೀಳೋ ಊರಲ್ಲಿ, ಮೆಟ್ರೋ ಸ್ಟೇಷನ್ನಿನ ನೆಲದ ಮೇಲೆ ಮಲಗಿದ ಮಕ್ಕಳು ಯಾವ ಲ್ಯಾಬಿಗೆ ಹೋಗ್ಬೇಕು? ಫೆಬ್ರವರಿ 28ಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ತಿದ್ದಿತು. ಉಕ್ರೇನ್‌ನಿಂದ ತೆರವಾಗಿ ಬರೋ ಭಾರತೀಯರಿಗೆ ಮಾನವೀಯ ನೆಲೆಯಲ್ಲಿ ವಿನಾಯಿತಿ: ಹತ್ತೋ ಮೊದಲಿನ ಟೆಸ್ಟ್ ಬೇಡ, ಲಸಿಕೆ ಕಾಗದ ಬೇಡ, ಪೋರ್ಟಲ್ ಬೇಡ. ಎರಡೂ ಇಲ್ಲದವರು ಇಲ್ಲಿ ಇಳಿದ ಮೇಲೆ ಮಾದರಿ ಕೊಟ್ಟರೆ ಸಾಕು.

ಮರುದಿನ ಮಾರ್ಚ್ 1. ಖಾರ್ಕಿವ್‌ನಲ್ಲಿ ಊಟದ ಸಾಮಾನಿಗೆ ಅಂಗಡಿ ಮುಂದೆ ಸಾಲಲ್ಲಿ ನಿಂತಿದ್ದಾಗ ನವೀನ್ ದಾಳಿಗೆ ಬಲಿಯಾದ. ಚೀಟಿಯ ಬಾಗಿಲು ತೆರೆದಿತ್ತು, ಆದ್ರೆ ಅವನಿಗೂ ಆ ಬಾಗಿಲಿಗೂ ನಡುವೆ ಇಡೀ ಯುದ್ಧ ಇತ್ತು. ದೇಹ ಬೆಂಗಳೂರಿಗೆ ಬಂದಿದ್ದು ಮಾರ್ಚ್ 21ರ ನಸುಕಿನಲ್ಲಿ. ಅಂದು ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ, ಇದೇ ಹಾವೇರಿ ಜಿಲ್ಲೆಯ ಶಿಗ್ಗಾಂವಿಯ ಆಗಿನ ಶಾಸಕರು, ಏರ್‌ಪೋರ್ಟಲ್ಲಿ ಬರಮಾಡಿಕೊಂಡರು. ಊರಲ್ಲಿ ಅಂತಿಮ ದರ್ಶನ ಆದ ಮೇಲೆ ಮನೆಯವರು ದೇಹವನ್ನ ದಾವಣಗೆರೆಯ ಎಸ್‌.ಎಸ್. ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಡಾಕ್ಟರ್ ಆಗಬೇಕಿದ್ದ ಮಗ, ಬೇರೆ ಮಕ್ಕಳು ಡಾಕ್ಟರ್ ಆಗೋಕೆ ಪಾಠ ಆಗಲಿ ಅಂತ.

ಈ ಕಥೆಯನ್ನ ಇಲ್ಲಿ ಯಾಕೆ ಹೇಳಿದೆ? ವಿನಾಯಿತಿ ತಡ ಆಗಿದ್ದಕ್ಕೆ ಅವನು ಸತ್ತ ಅಂತ ಅಲ್ಲ. ಅದು ಸುಳ್ಳು ಆಗುತ್ತೆ. ಅವನನ್ನ ಕೊಂದಿದ್ದು ಯುದ್ಧ. ನಾನು ಹೇಳೋದು ಇಷ್ಟೇ: ಒಂದು ವರ್ಷ ಕಲ್ಲಿನ ಹಾಗೆ ನಿಂತಿದ್ದ ನಿಯಮ, ಬೇಕು ಅನ್ನಿಸಿದಾಗ ಒಂದೇ ದಿನದಲ್ಲಿ ಸರಿದು ದಾರಿ ಬಿಟ್ಟಿತು. ಹಾಗೆ ಬಂದ ಸಾವಿರಾರು ಮಕ್ಕಳಿಗೆ ಇಲ್ಲೇ ಟೆಸ್ಟ್ ಮಾಡಿಸೋಕೆ ಆಯ್ತು. ಅಂದ್ರೆ 'ಮೊದಲು ಚೀಟಿ, ಆಮೇಲೆ ಊರು' ಅನ್ನೋದು ಒಂದೇ ದಾರಿ ಅಲ್ಲ. 'ಮೊದಲು ಊರಿಗೆ ಬಾ, ಟೆಸ್ಟ್ ನಾವು ಮಾಡ್ತೀವಿ' ಅನ್ನೋ ದಾರಿಯೂ ಇದೆ. ಸಾವಿನ ಮನೆಗೆ ಹೊರಟವನಿಗೂ ಅದನ್ನ ತೆರೆದಿಡಬಹುದಿತ್ತು.

2022ರ ನವೆಂಬರ್ 22ಕ್ಕೆ ಏರ್ ಸುವಿಧಾ ನಿಂತಿತು. 2023ರ ಜನವರಿಯಲ್ಲಿ ಚೀನಾ, ಜಪಾನ್ ಸೇರಿ ಆರು ಕಡೆಯಿಂದ ಬರೋರಿಗೆ ಮತ್ತೆ ಟೆಸ್ಟ್ ಬಂತು, ಫೆಬ್ರವರಿಯಲ್ಲಿ ಹೋಯ್ತು. ಈಗ ಯಾರೂ ಕೇಳಲ್ಲ. ಆದ್ರೆ 1377ರಿಂದ ನೋಡ್ತಾ ಬಂದ್ರೆ ಚೀಟಿ ಯಾವತ್ತೂ ಪೂರ್ತಿ ಹೋಗಿಲ್ಲ. ಹೆಸರು ಬದಲಾಯಿಸಿ ಮತ್ತೆ ಬಂದಿದೆ.

ಮುಂದೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಈ ಚೀಟಿ ನಿಜಕ್ಕೂ ರೋಗ ತಡೆಯುತ್ತಾ? ಇದರ ದುಡ್ಡು ಯಾರು ಕೊಡ್ತಾರೆ? ಕಷ್ಟದಲ್ಲಿ ಇರೋರಿಗೆ ಬಾಗಿಲು ಎಲ್ಲಿದೆ, ಅದು ಎಷ್ಟು ಹೊತ್ತಿಗೆ ತೆರೆಯುತ್ತೆ?

ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಸಿಡುಬಿನ ಲಸಿಕೆ ಪುಸ್ತಕ ಇರಬಹುದು, ನಿಮ್ಮ ಫೋನಿನ ಗ್ಯಾಲರಿಯಲ್ಲಿ 2021ರ ಒಂದು ರಿಪೋರ್ಟಿನ ಸ್ಕ್ರೀನ್‌ಶಾಟ್ ಇರಬಹುದು. ಡಿಲೀಟ್ ಮಾಡ್ಬೇಡಿ. ಅದೂ ಇತಿಹಾಸವೇ. ಮುಂದಿನ ಕಂತಿನಲ್ಲಿ ಸಿಗೋಣ. ಅಲ್ಲಿ ತನಕ ಆರಾಮಿರಿ.